ಕಾರಣ ಕೇಳುವ ಮುನ್ನ: ವಿಚಾರಣಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ತಮ್ಮ ಮುಂದೆ ಒಬ್ಬ ಬಸ್ ಚಾಲಕನ ಕಡತವಿದೆ ಎಂದಿಟ್ಟುಕೊಳ್ಳೋಣ. ಒಂದೇ ವರ್ಷದಲ್ಲಿ ನಾಲ್ಕು ಅಪಘಾತ. ಅದೇ ಡಿಪೋದಲ್ಲಿ ವರ್ಷವಿಡೀ ಗಾಡಿಗೆ ಒಂದು ಗೀರೂ ಬೀಳದಂತೆ ಓಡಿಸಿದವರು ಮೂವತ್ತಕ್ಕೂ ಹೆಚ್ಚು ಮಂದಿ ಇದ್ದಾರೆ. ಕಾರಣ ಕೇಳಿ ನೋಟಿಸು ಹೋಗಿ ಉತ್ತರವೂ ಬಂದಾಗಿದೆ. ಎಲ್ಲರೂ ಬರೆಯುವ ಉತ್ತರವೇ: ‘ನನ್ನದೇನೂ ತಪ್ಪಿಲ್ಲ ಸ್ವಾಮಿ, ನನ್ನ ಗ್ರಹಚಾರ.’ ಗ್ರಹಚಾರವನ್ನು ಯಾವ ಕಡತದಲ್ಲೂ ಕಾರಣವೆಂದು ದಾಖಲಿಸಲು ಬರುವುದಿಲ್ಲ. ನಾಲ್ಕು ಎಂಬ ಅಂಕಿ ಮಾತ್ರ ಕಣ್ಣಿಗೆ ಹೊಡೆಯುತ್ತದೆ. ಆದೇಶಕ್ಕೆ ಸಹಿ ಹಾಕುವ ಮೊದಲು ಈ ಪತ್ರವನ್ನು ಓದಬೇಕೆಂದು ಕೇಳಿಕೊಳ್ಳುತ್ತೇನೆ.

ನಾನು ಆ ಚಾಲಕನ ಕಡೆಯವನಲ್ಲ, ಸಂಖ್ಯಾಶಾಸ್ತ್ರ ಕಲಿಸುವವನು. ನಮ್ಮ ತರಗತಿಗಳಲ್ಲಿ ಡಿಸ್ಕ್ರೀಟ್ ರ‍್ಯಾಂಡಮ್ ವೇರಿಯಬಲ್ ಎಂಬ ಪಾಠವೊಂದಿದೆ. ಸೊನ್ನೆ, ಒಂದು, ಎರಡು, ಮೂರು ಎಂದು ಎಣಿಸಬಹುದಾದ, ಆದರೆ ಎಷ್ಟಾಗುತ್ತದೆಂದು ಮೊದಲೇ ಹೇಳಲಾಗದ ಲೆಕ್ಕಕ್ಕೆ ಆ ಹೆಸರು. ಒಂದೊಂದು ಬೆಲೆಯ ಎದುರಿಗೂ ಅದರ ಸಂಭವನೀಯತೆಯನ್ನು ಬರೆಯಬೇಕು. ಎಲ್ಲ ಕೂಡಿದರೆ ಒಂದು ಬರಬೇಕು. ಪ್ರತಿ ಬೆಲೆಯನ್ನೂ ಅದರ ಸಂಭವನೀಯತೆಯಿಂದ ಗುಣಿಸಿ ಕೂಡಿದರೆ ಸರಾಸರಿ ಸಿಗುತ್ತದೆ. ನಾಣ್ಯ, ದಾಳ, ಇಸ್ಪೀಟೆಲೆಗಳ ಲೆಕ್ಕ ಮಾಡಿಸಿ ನಾವು ಪಾಠ ಮುಗಿಸುತ್ತೇವೆ, ಮಕ್ಕಳು ಅಂಕ ತೆಗೆದು ಮರೆಯುತ್ತಾರೆ. ಆ ಮಕ್ಕಳೇ ಮುಂದೆ ಡಿಪೋ ಮ್ಯಾನೇಜರ್, ವೈದ್ಯಾಧಿಕಾರಿ, ತಹಶೀಲ್ದಾರ್ ಆಗಿ ತಮ್ಮಂಥವರ ಕುರ್ಚಿಯಲ್ಲಿ ಕೂರುತ್ತಾರೆ. ಆ ಪಾಠ ನಿಜವಾಗಿ ಬೇಕಾಗುವುದು ಆ ಕುರ್ಚಿಯಲ್ಲೇ ಎಂಬುದು ನನ್ನ ದೃಢ ನಂಬಿಕೆ.

ಈಗ ಒಂದು ಡಿಪೋವನ್ನು ಊಹಿಸಿಕೊಳ್ಳೋಣ. ನೂರು ಚಾಲಕರು. ಎಲ್ಲರಿಗೂ ಒಂದೇ ಕೈಚಳಕ, ಒಂದೇ ಎಚ್ಚರ, ಒಂದೇ ಬಗೆಯ ರಸ್ತೆ. ಕನ್ನಡಿ ಮುರಿದದ್ದು, ಬಂಪರ್ ನುಗ್ಗಾದದ್ದು ಎಲ್ಲವನ್ನೂ ಸೇರಿಸಿ ತಲೆಗೆ ಸರಾಸರಿ ವರ್ಷಕ್ಕೆ ಒಂದು ಅಪಘಾತ. ವರ್ಷಕ್ಕೆ 300 ದಿನ ಡ್ಯೂಟಿ ಎಂದಾದರೆ, ಯಾವುದೇ ಒಂದು ದಿನ ಅಪಘಾತವಾಗುವ ಸಂಭವ 300ರಲ್ಲಿ ಒಂದು. ಹಾಗಿದ್ದರೆ ನೂರು ಅಪಘಾತಗಳು ನೂರು ಜನರಿಗೆ ಹೇಗೆ ಹಂಚಿಹೋಗುತ್ತವೆ? ತಲೆಗೊಂದರಂತೆ, ಅಲ್ಲೊಂದು ಇಲ್ಲೊಂದು ಹೆಚ್ಚುಕಡಿಮೆ ಎಂದು ಮನಸ್ಸು ಹೇಳುತ್ತದೆ. ನೂರು ಚೌಕಗಳ ಹಾಸುನೆಲದ ಮೇಲೆ ನೂರು ಕಡಲೆಕಾಳು ಎರಚಿ ನೋಡಿದವರು ಹಾಗೆ ಹೇಳಲಾರರು. ಎಷ್ಟೋ ಚೌಕ ಖಾಲಿ ಉಳಿಯುತ್ತದೆ, ಕೆಲವದರಲ್ಲಿ ಮೂರು ನಾಲ್ಕು ಕಾಳು ಗುಂಪುಗೂಡಿರುತ್ತವೆ.

ಕ್ಯಾಲ್ಕುಲೇಟರ್ ಇದ್ದರೆ ಪರೀಕ್ಷಿಸಬಹುದು. ಒಂದು ದಿನ ಸುರಕ್ಷಿತವಾಗಿ ಕಳೆಯುವ ಸಂಭವ 299/300. ಅದನ್ನೇ ಮುನ್ನೂರು ಸಲ ಗುಣಿಸಿದರೆ 0.37ರ ಹತ್ತಿರ ಬರುತ್ತದೆ. ಎಂದರೆ ನೂರರಲ್ಲಿ 37 ಚಾಲಕರಿಗೆ ವರ್ಷವಿಡೀ ಒಂದೂ ಅಪಘಾತವಿಲ್ಲ. ಒಂದೇ ಅಪಘಾತವಾಗುವವರು ಹೆಚ್ಚುಕಡಿಮೆ ಅಷ್ಟೇ ಜನ, 37. ಎರಡಾಗುವವರು 18, ಮೂರಾಗುವವರು 6. ಉಳಿದ ಇಬ್ಬರಿಗೆ ನಾಲ್ಕು ಅಥವಾ ಅದಕ್ಕಿಂತ ಹೆಚ್ಚು. ಇದು ನಿರೀಕ್ಷೆಯ ಲೆಕ್ಕ. ಒಂದು ವರ್ಷ ಮೂವರಿರಬಹುದು, ಇನ್ನೊಂದು ವರ್ಷ ಯಾರೂ ಇಲ್ಲದಿರಬಹುದು. ಆದರೆ ಅಂಥ ಒಬ್ಬನಾದರೂ ಇರುವ ಸಂಭವ ನೂರಕ್ಕೆ 85ರಷ್ಟು. ಅವನ ಹೆಸರನ್ನು ಮುಂಚೆ ಹೇಳಲು ಯಾರಿಂದಲೂ ಆಗದು. ಅವನಿಗೂ ಅಪಘಾತವಿಲ್ಲದೆ ವರ್ಷ ಕಳೆದವನಿಗೂ ಚಾಲನೆಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ ಎಂದು ನಾವೇ ಮೊದಲು ಒಪ್ಪಿ ಲೆಕ್ಕ ಶುರು ಮಾಡಿದ್ದೇವೆ ಎಂಬುದನ್ನು ಮರೆಯಬೇಡಿ.

ಇನ್ನು ಮುಂದಿನ ವರ್ಷದ ಮಾತು. ನನಗೆ ಬಹಳ ಸಂಕಟ ತರುವ ಭಾಗ ಇದೇ. ತಾವು ಆ ಚಾಲಕನ ಇನ್‌ಕ್ರಿಮೆಂಟ್ ತಡೆಹಿಡಿಯುತ್ತೀರಿ. ಅವನ ಅದೃಷ್ಟ ಹಳೆಯ ಲೆಕ್ಕಕ್ಕೇ ಮರಳುತ್ತದೆ: ಮತ್ತೆ ಸರಾಸರಿ ಒಂದು. ನಾಲ್ಕಕ್ಕಿಂತ ಕಡಿಮೆ ಅಪಘಾತವಾಗುವ ಸಂಭವ ನೂರಕ್ಕೆ 98. ದಂಡನೆ ಕೆಲಸ ಮಾಡಿತು ಎಂದು ತಾವು ಟಿಪ್ಪಣಿ ಬರೆಯುತ್ತೀರಿ. ಅತ್ತ, ಅಪಘಾತವಿಲ್ಲದ 37 ಮಂದಿಗೆ ಶಾಲು ಹೊದಿಸಿ ಪ್ರಶಂಸಾಪತ್ರ ಕೊಟ್ಟಿರುತ್ತೀರಿ. ಅವರಲ್ಲಿ ನೂರಕ್ಕೆ 63ರಷ್ಟು ಮಂದಿಗೆ ಮುಂದಿನ ವರ್ಷ ಒಂದಾದರೂ ಅಪಘಾತ ಆಗಬೇಕು, ಲೆಕ್ಕವೇ ಹಾಗಿದೆ. ಶಾಲು ತಲೆಗೇರಿತು ಎನ್ನುತ್ತೀರಿ. ಹೀಗೆ ಬೈದವನಿಗೆ ಬೈಗುಳವೇ ಫಲಿಸಿದಂತೆ, ಹೊಗಳಿದವನಿಗೆ ಹೊಗಳಿಕೆಯೇ ಕೈಕೊಟ್ಟಂತೆ ವರ್ಷವರ್ಷವೂ ಕಾಣುತ್ತ ಹೋಗುತ್ತದೆ. ಒಳ್ಳೆಯ ಮನಸ್ಸಿನ ಅಧಿಕಾರಿ ಇಪ್ಪತ್ತು ವರ್ಷ ಇದೇ ಅನುಭವ ಪಡೆದು ಕಟುವಾಗಿಬಿಡುತ್ತಾರೆ. ಅನುಭವ ಸುಳ್ಳಲ್ಲ, ಅದರಿಂದ ಅವರು ತೆಗೆದ ತೀರ್ಮಾನ ತಪ್ಪು. ಈ ಕ್ರೌರ್ಯವನ್ನು ಯಾರೂ ಉದ್ದೇಶಪೂರ್ವಕವಾಗಿ ಮಾಡುವುದಿಲ್ಲ. ಅದಕ್ಕೇ ಅದನ್ನು ತಡೆಯುವುದು ಕಷ್ಟ.

‘ಇದೆಲ್ಲ ಕಾಗದದ ಡಿಪೋ’ ಎಂದು ತಾವು ಹೇಳಬಹುದು. ಹಾಗಾದರೆ ನಿಜವಾದ ದಾಖಲೆಯನ್ನೇ ನೋಡಿ. ಲಾಡಿಸ್ಲಾಸ್ ಫಾನ್ ಬೋರ್ಟ್‌ಕೀವಿಚ್ ಎಂಬ ಅರ್ಥಶಾಸ್ತ್ರಜ್ಞರು 1898ರಲ್ಲಿ ಜರ್ಮನ್ ಭಾಷೆಯಲ್ಲಿ ಒಂದು ಚಿಕ್ಕ ಪುಸ್ತಕ ಪ್ರಕಟಿಸಿದರು. ಪ್ರಷ್ಯಾದ ಸೈನ್ಯದಲ್ಲಿ ಕುದುರೆ ಒದ್ದು ಸತ್ತ ಸೈನಿಕರ ಲೆಕ್ಕ ಅದರಲ್ಲಿತ್ತು. 1875ರಿಂದ 1894ರವರೆಗೆ 20 ವರ್ಷ. ರಚನೆಯಲ್ಲಿ ಉಳಿದವುಗಳಿಗಿಂತ ಭಿನ್ನವಾದ ನಾಲ್ಕು ಕೋರ್‌ಗಳನ್ನು ಬಿಟ್ಟರೆ ಹತ್ತು ಸೇನಾ ಕೋರ್‌ಗಳು. ಹತ್ತು ಕೋರ್, ಇಪ್ಪತ್ತು ವರ್ಷ: 200 ಸಾಲು. ಒಟ್ಟು ಸಾವು 122, ಸರಾಸರಿ 0.61. ಯಾರೂ ಸಾಯದ ಸಾಲುಗಳು 109, ಒಂದು ಸಾವಿನವು 65, ಎರಡರವು 22, ಮೂರರವು 3. ನಾಲ್ಕು ಸಾವು ಸಂಭವಿಸಿದ ಸಾಲು ಒಂದೇ ಒಂದು.

ಆ ಒಂದು ಸಾಲಿನ ಕೋರ್‌ನ ದಂಡನಾಯಕ ತಮ್ಮ ಎದುರಿಗೆ ನಿಂತಿದ್ದಾನೆ ಎಂದುಕೊಳ್ಳಿ. ಸರಾಸರಿಯ ಆರೂವರೆ ಪಟ್ಟು ಸಾವು. ಕುದುರೆಗಳನ್ನು ಪಳಗಿಸಿಲ್ಲ, ಲಾಯದಲ್ಲಿ ಶಿಸ್ತಿಲ್ಲ ಎಂದು ಆರೋಪಪಟ್ಟಿ ಸಿದ್ಧವಾಗಲು ಎಷ್ಟು ಹೊತ್ತು? ಆದರೆ 0.61 ಸರಾಸರಿಯಿಟ್ಟುಕೊಂಡು ಅಪರೂಪದ ಆಕಸ್ಮಿಕಗಳ ಎಣಿಕೆಗೆ ಬಳಸುವ ಪ್ವಾಸೋನ್ ಸೂತ್ರದಿಂದ ಲೆಕ್ಕ ಹಾಕಿದರೆ ಬರುವುದು ಇದು: ಸೊನ್ನೆಗೆ 108.7, ಒಂದಕ್ಕೆ 66.3, ಎರಡಕ್ಕೆ 20.2, ಮೂರಕ್ಕೆ 4.1, ನಾಲ್ಕಕ್ಕೆ 0.6. ಕಂಡ ಲೆಕ್ಕಕ್ಕೂ ಆಕಸ್ಮಿಕದ ಲೆಕ್ಕಕ್ಕೂ ಇಷ್ಟು ಹೊಂದಿಕೆ! ಈ ಪಟ್ಟಿಯನ್ನು ನಾನು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುತ್ತೇನೆ, ಪ್ರತಿ ವರ್ಷವೂ ಬೆರಗಾಗುತ್ತೇನೆ. ಯಾವ ಸೈನಿಕ ಯಾವ ಕುದುರೆಯ ಹಿಂದೆ ಯಾವ ಗಳಿಗೆಯಲ್ಲಿ ನಿಂತಿದ್ದ ಎಂಬುದು ಯಾರಿಗೂ ತಿಳಿಯದು. ಇನ್ನೂರು ಸಾಲು ಸೇರಿದಾಗ ಆ ತಿಳಿಯದಿರುವಿಕೆಗೇ ಒಂದು ಆಕಾರ ಬಂದಿದೆ.

ತಮ್ಮ ಕೆಲಸಕ್ಕೆ ನೇರವಾಗಿ ಒದಗುವ ಅಳತೆಗೋಲು ಈ ಪಟ್ಟಿಯಲ್ಲೇ ಇದೆ. ಪ್ರತಿ ಸಾಲೂ ಸರಾಸರಿಯಿಂದ ಎಷ್ಟು ದೂರವಿದೆ ನೋಡಿ, ಆ ದೂರದ ವರ್ಗ ಮಾಡಿ, ಅವುಗಳ ಸರಾಸರಿ ತೆಗೆಯಿರಿ. ಅದೇ ವೇರಿಯೆನ್ಸ್. ಎಲ್ಲರೂ ಸಮಾನರಾಗಿದ್ದು, ಘಟನೆಗಳು ಅಪರೂಪವಾಗಿದ್ದು, ಒಂದಕ್ಕೊಂದು ಸಂಬಂಧವಿಲ್ಲದೆ ನಡೆಯುತ್ತಿದ್ದರೆ ವೇರಿಯೆನ್ಸ್ ಸರಾಸರಿಗೆ ಹೆಚ್ಚುಕಡಿಮೆ ಸಮವಾಗಿರುತ್ತದೆ. ಕುದುರೆಗಳ ಪಟ್ಟಿಯಲ್ಲಿ ಸರಾಸರಿ 0.61, ವೇರಿಯೆನ್ಸ್ 0.608. ಆ ದಂಡನಾಯಕನನ್ನು ಸಂಖ್ಯೆಯೊಂದರ ಬಲದ ಮೇಲೆ ಶಿಕ್ಷಿಸುವ ಹಕ್ಕು ಯಾರಿಗೂ ಇರಲಿಲ್ಲ.

ಎಲ್ಲವೂ ಆಕಸ್ಮಿಕ, ಯಾರನ್ನೂ ಕೇಳಬೇಡಿ ಎಂದು ನಾನು ಹೇಳುತ್ತಿದ್ದೇನೆಯೇ? ಖಂಡಿತ ಇಲ್ಲ. ಅದೇ ಅಳತೆಗೋಲು ಇನ್ನೊಂದು ಮಾತನ್ನೂ ಹೇಳಬಲ್ಲದು. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಮದ್ದುಗುಂಡು ಕಾರ್ಖಾನೆಗಳಲ್ಲಿ ಹೆಂಗಸರು ದುಡಿಯುತ್ತಿದ್ದರು. ಫಿರಂಗಿ ಗುಂಡು ತಯಾರಿಸುತ್ತಿದ್ದ 647 ಹೆಂಗಸರಿಗೆ ಐದು ವಾರಗಳಲ್ಲಿ ಆದ ಅಪಘಾತಗಳನ್ನು ಮೇಜರ್ ಗ್ರೀನ್‌ವುಡ್ ಮತ್ತು ಉಡ್ನಿ ಯೂಲ್ 1920ರಲ್ಲಿ ಲೆಕ್ಕಕ್ಕೆ ಒಡ್ಡಿದರು. 447 ಮಂದಿಗೆ ಏನೂ ಆಗಿರಲಿಲ್ಲ. ಒಂದು ಅಪಘಾತವಾದವರು 132, ಎರಡಾದವರು 42, ಮೂರಾದವರು 21, ನಾಲ್ಕಾದವರು 3, ಐದು ಮತ್ತು ಮೇಲ್ಪಟ್ಟು 2. ಸರಾಸರಿ 0.465, ವೇರಿಯೆನ್ಸ್ 0.69. ಸಮವಿಲ್ಲ. ಬರೀ ಆಕಸ್ಮಿಕವಾಗಿದ್ದರೆ ಮೂರು ಅಪಘಾತದವರು 7 ಮಂದಿ ಇರಬೇಕಿತ್ತು, ಇದ್ದದ್ದು ಮೂರು ಪಟ್ಟು. ಇಲ್ಲಿ ಏನೋ ಇದೆ, ಎದ್ದು ಹೋಗಿ ನೋಡಿ ಎಂದು ಲೆಕ್ಕ ಹೇಳುತ್ತಿದೆ.

ಆದರೆ ಏನಿದೆ ಎಂದು ಅದು ಹೇಳುವುದಿಲ್ಲ. ಕೆಲವು ಹೆಂಗಸರಿಗೆ ಅಪಾಯ ಮೊದಲಿನಿಂದಲೇ ಹೆಚ್ಚಿರಬಹುದು. ಅದಕ್ಕೆ ಅವರ ಕೈ ಕಾರಣವೋ ಅವರಿಗೆ ಕೊಟ್ಟ ಯಂತ್ರ ಕಾರಣವೋ ಗೊತ್ತಿಲ್ಲ. ಅಥವಾ ಒಂದು ಏಟು ತಿಂದ ಮೇಲೆ ಹೆದರಿಕೆಯಿಂದಲೋ ನೋವಿನಿಂದಲೋ ಮತ್ತೊಂದು ಏಟು ಸುಲಭವಾಗಿ ಬೀಳುತ್ತಿರಬಹುದು. ಎರಡೂ ಒಂದೇ ಬಗೆಯ ಪಟ್ಟಿಯನ್ನು ಕೊಡಬಲ್ಲವು. ಎಣಿಕೆ ತಮ್ಮನ್ನು ಕಾರ್ಖಾನೆಯ ಬಾಗಿಲವರೆಗೆ ಕರೆದೊಯ್ಯುತ್ತದೆ. ಒಳಗೆ ಹೋಗಿ ಯಂತ್ರ ನೋಡಬೇಕಾದವರು, ಪಾಳಿಯ ಪಟ್ಟಿ ತೆಗೆಸಬೇಕಾದವರು, ಆ ಹೆಂಗಸನ್ನು ಕೂರಿಸಿಕೊಂಡು ಮಾತಾಡಿಸಬೇಕಾದವರು ತಾವೇ.

ಈ ಲೆಕ್ಕವನ್ನು ಅವಸರದಲ್ಲಿ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ನೆದರ್‌ಲ್ಯಾಂಡ್ಸ್‌ನ ಲೂಸಿಯಾ ಡಿ ಬರ್ಕ್ ಪ್ರಕರಣ ಸಾಕ್ಷಿ. ಆಕೆ ಹೇಗ್ ನಗರದ ಆಸ್ಪತ್ರೆಗಳಲ್ಲಿ ನರ್ಸ್ ಆಗಿದ್ದರು. ಅವರ ಪಾಳಿಯಲ್ಲೇ ಸಾವು, ಅನಾಹುತಗಳು ಹೆಚ್ಚಾಗಿ ಆಗಿವೆ ಎಂದು ಅನುಮಾನ ಹುಟ್ಟಿತು. ಇದು ಬರೀ ಆಕಸ್ಮಿಕವಾಗಿರುವ ಸಂಭವ 34.2 ಕೋಟಿಯಲ್ಲಿ ಒಂದು ಎಂಬ ಲೆಕ್ಕ ನ್ಯಾಯಾಲಯದ ಮುಂದೆ ಬಂತು. 2003ರಲ್ಲಿ ಜೀವಾವಧಿ ಶಿಕ್ಷೆ. ಆ ಅಂಕಿಯನ್ನು ಮೂರು ವಾರ್ಡುಗಳ ಸಂಭವನೀಯತೆಗಳನ್ನು ಒಂದಕ್ಕೊಂದು ಗುಣಿಸಿ ಪಡೆಯಲಾಗಿತ್ತು. ಹಾಗೆ ಗುಣಿಸುತ್ತ ಹೋದರೆ ಹೆಚ್ಚು ವಾರ್ಡುಗಳಲ್ಲಿ ದುಡಿದ ಯಾವ ನರ್ಸ್ ಆದರೂ ಅಪರಾಧಿಯಂತೆ ಕಾಣತೊಡಗುತ್ತಾಳೆ. ಯಾವ ಘಟನೆ ಸಂಶಯಾಸ್ಪದ ಎಂಬುದನ್ನು ಹೆಚ್ಚಾಗಿ ಅನುಮಾನ ಹುಟ್ಟಿದ ಮೇಲೆ ತೀರ್ಮಾನಿಸಲಾಗಿತ್ತು. ನರ್ಸ್‌ಗಳ ನಡುವೆ, ಪಾಳಿಗಳ ನಡುವೆ ಸಹಜವಾಗಿಯೇ ಇರುವ ಏರಿಳಿತವನ್ನು ಲೆಕ್ಕ ಗಮನಿಸಿರಲಿಲ್ಲ. ರಿಚರ್ಡ್ ಗಿಲ್, ಪೀಟ್ ಗ್ರೂನೆಬೋಮ್ ಮೊದಲಾದ ಸಂಖ್ಯಾಶಾಸ್ತ್ರಜ್ಞರು ಆ ಏರಿಳಿತವನ್ನು ಸೇರಿಸಿ ಮತ್ತೆ ಲೆಕ್ಕ ಹಾಕಿದಾಗ ಕೋಟಿಗಳ ಅಂಕಿ ನೂರರ ಒಳಕ್ಕೆ ಕುಸಿಯಿತು. 2010ರ ಏಪ್ರಿಲ್‌ನಲ್ಲಿ ಆಕೆ ನಿರ್ದೋಷಿ ಎಂದು ತೀರ್ಪಾಯಿತು. ಅಷ್ಟರಲ್ಲಿ ಆರು ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿದ್ದರು. ಅಲ್ಲೇ ಪಾರ್ಶ್ವವಾಯುವೂ ಬಡಿದಿತ್ತು.

ಇಲ್ಲೊಂದು ಸಂಗತಿ ನನ್ನನ್ನು ಬಿಡದೆ ಕಾಡುತ್ತದೆ. ಸಿಮಿಯೋನ್ ಪ್ವಾಸೋನ್ 1837ರಲ್ಲಿ ತಮ್ಮ ಹೆಸರಿನ ಸೂತ್ರವನ್ನು ಕೊಟ್ಟ ಪುಸ್ತಕ ಜೂಜಿನ ಕುರಿತದ್ದಲ್ಲ, ಕುದುರೆಗಳ ಕುರಿತದ್ದೂ ಅಲ್ಲ. ನ್ಯಾಯಾಲಯದ ತೀರ್ಪುಗಳು ಎಷ್ಟರಮಟ್ಟಿಗೆ ಸರಿ, ಎಷ್ಟರಮಟ್ಟಿಗೆ ತಪ್ಪು ಎಂಬ ವಿಚಾರಕ್ಕೆಂದೇ ಬರೆದ ಪುಸ್ತಕ ಅದು. ತೀರ್ಪು ಕೊಡುವವರ ಕೈಗೆ ಕೊಡಬೇಕೆಂದಿದ್ದ ಸಾಧನ ತೀರ್ಪು ಕೊಡುವವರಿಗೇ ತಲುಪಲಿಲ್ಲ. ಬ್ರಿಟನ್ನಿನ ರಾಯಲ್ ಸ್ಟಾಟಿಸ್ಟಿಕಲ್ ಸೊಸೈಟಿ 2022ರಲ್ಲಿ, ಇಂಥ ಆಸ್ಪತ್ರೆ ಪ್ರಕರಣಗಳಲ್ಲಿ ತನಿಖೆ ಹೇಗೆ ನಡೆಯಬೇಕು ಎಂಬ ವರದಿಯನ್ನು ಹೊರತರಬೇಕಾಗಿ ಬಂತು.

ಹಾಗಾಗಿ ತಮ್ಮಲ್ಲಿ ನನ್ನ ಬೇಡಿಕೆ ಒಂದು. ಆ ಚಾಲಕನ ಕಡತವನ್ನಷ್ಟೇ ನೋಡಿ ಸಹಿ ಹಾಕಬೇಡಿ. ಡಿಪೋದ ಎಲ್ಲ ಚಾಲಕರ ಅಪಘಾತ ರಿಜಿಸ್ಟರ್ ತರಿಸಿ, ಸೊನ್ನೆಯವರೆಷ್ಟು, ಒಂದರವರೆಷ್ಟು, ಎರಡರವರೆಷ್ಟು ಎಂದು ಪಟ್ಟಿ ಮಾಡಿಸಿ. ಯಾರಿಗೆ ಎಂಥ ರೂಟ್, ಎಷ್ಟು ಕಿಲೋಮೀಟರ್, ರಾತ್ರಿ ಪಾಳಿ ಎಷ್ಟು ಎಂಬುದನ್ನೂ ಅದರ ಪಕ್ಕದಲ್ಲಿ ಬರೆಸಿ, ಯಾಕೆಂದರೆ ನಿಜವಾದ ಡಿಪೋದಲ್ಲಿ ಎಲ್ಲರ ಅಪಾಯ ಒಂದೇ ಆಗಿರುವುದಿಲ್ಲ. ಸರಾಸರಿ, ವೇರಿಯೆನ್ಸ್ ಎರಡನ್ನೂ ಹಾಕಿಸಿ. ಪದವಿ ಓದಿದ ಯಾವ ಗುಮಾಸ್ತರೂ ಒಂದು ಮಧ್ಯಾಹ್ನದಲ್ಲಿ ಮಾಡಿಕೊಡಬಲ್ಲ ಕೆಲಸ ಇದು. ಎರಡು ಅಂಕಿಗಳು ಹತ್ತಿರವಿದ್ದರೆ ನಾಲ್ಕು ಎಂಬ ಸಂಖ್ಯೆಯನ್ನು ಆರೋಪಪಟ್ಟಿಯಿಂದ ತೆಗೆದುಹಾಕಿ, ನಾಲ್ಕು ಅಪಘಾತಗಳನ್ನೂ ಒಂದೊಂದಾಗಿ, ಅದರದರ ಸ್ಥಳದಲ್ಲಿ, ಅದರದರ ಸಾಕ್ಷಿಯ ಮೇಲೆ ವಿಚಾರಿಸಿ. ಅದರಲ್ಲಿ ಅವನ ತಪ್ಪು ಕಂಡರೆ ಅದಕ್ಕೆ ತಕ್ಕ ಶಿಕ್ಷೆ ಆಗಲಿ, ನನ್ನ ತಕರಾರಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಸಂಖ್ಯಾಶಾಸ್ತ್ರದ ಮೇಷ್ಟ್ರು