ಕೂರುವುದೇ ಕಷ್ಟ

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂದು ಗಾದೆ ಕಟ್ಟಿದವರಿಗೆ ಚಿತ್ರಕತೆಗಾರರ ಪರಿಚಯ ಇದ್ದಿರಲಾರದು. ಈ ಕುಲದವರ ತೊಂದರೆ ಕೂರುವುದಲ್ಲ, ಕೂರದೇ ಇರುವುದು. ಗಾಂಧಿನಗರ ಇದಕ್ಕೊಂದು ಉಪಾಯ ಕಂಡುಕೊಂಡಿದೆ: ನಿರ್ಮಾಪಕರ ಖರ್ಚಿನಲ್ಲಿ ರೂಮು ಹಾಕಿ ‘ಸ್ಟೋರಿ ಡಿಸ್ಕಷನ್’ ನಡೆಸುವುದು. ಅಲ್ಲಿ ಕಾಫಿ ಬರುತ್ತದೆ, ಬೋಂಡ ಬರುತ್ತದೆ, ಹೀರೋ ಎಂಟ್ರಿಗೆ ನಾಲ್ಕು ಬಗೆ ಹೊಳೆಯುತ್ತವೆ. ಇಂಟರ್ವಲ್ ಆಚೆಗಿನ ಕತೆ ಮಾತ್ರ ನಾಳೆಗೆ ಉಳಿಯುತ್ತದೆ. ಮಾತಾಡಿದ್ದೆಲ್ಲ ಬರೆದಂತೆಯೇ ಎಂದು ನಂಬುವುದು ಈ ವೃತ್ತಿಯ ಹಳೆಯ ಕಾಯಿಲೆ. ಅದಕ್ಕೆ ಮದ್ದು ಒಂದೇ: ದಿನಾ ಹೊತ್ತಿಗೆ ಸರಿಯಾಗಿ ಕೂತು ಎರಡು ಪುಟ ಗೀಚುವುದು. ಚಿತ್ರಕತೆಯ ಒಂದು ಪುಟಕ್ಕೆ ತೆರೆಯ ಮೇಲೆ ಸುಮಾರು ಒಂದು ನಿಮಿಷ ಎಂಬುದು ರೂಢಿಯ ಲೆಕ್ಕ. ದಿನಕ್ಕೆ 2 ಪುಟವಾದರೆ 2 ಗಂಟೆಯ ಸಿನಿಮಾ 60 ದಿನಕ್ಕೆ ಮುಗಿಯಿತು. ಪಂಚಾಂಗ ನೋಡಿ ಮುಹೂರ್ತ ಇಡುವವರಿಗೆ ಈ ಲೆಕ್ಕ ಕಷ್ಟವಾಗಬಾರದು.

‘ಸ್ಫೂರ್ತಿ ಬರಬೇಕಲ್ಲ ಸ್ವಾಮಿ, ಇದೇನು ಗುಮಾಸ್ತಗಿರಿಯೇ?’ ಎಂಬ ಆಕ್ಷೇಪ ಬಂದೇ ಬರುತ್ತದೆ. ಸ್ಫೂರ್ತಿಗೆ ಕಾಯಬಹುದು, ಆದರೆ ಖರ್ಚು ಜಾಸ್ತಿ. ಹಾಲಿವುಡ್ಡಿನಲ್ಲಿ ರೇಮಂಡ್ ಚಾಂಡ್ಲರ್ ‘ದಿ ಬ್ಲೂ ಡೇಲಿಯಾ’ (1946) ಬರೆಯುವಾಗ, ಚಿತ್ರೀಕರಣ ಶುರುವಾದರೂ ಕತೆಗೆ ಕೊನೆ ಸಿಕ್ಕಿರಲಿಲ್ಲ. ಕುಡಿದರಷ್ಟೇ ಬರೆಯಬಲ್ಲೆ ಎಂದುಬಿಟ್ಟರಂತೆ. ನಿರ್ಮಾಪಕ ಜಾನ್ ಹೌಸ್‌ಮನ್ ಮುಂದೆ ಹೇಳಿಕೊಂಡ ಪ್ರಕಾರ, ಮನೆಬಾಗಿಲಲ್ಲಿ ಹಗಲಿರುಳು ಕಾರುಗಳು, ಪಾಳಿಯ ಮೇಲೆ ಆರು ಮಂದಿ ಸೆಕ್ರೆಟರಿಗಳು, ಇಂಜೆಕ್ಷನ್ನಿಗೆ ಡಾಕ್ಟರು, ಇಷ್ಟೆಲ್ಲ ಒದಗಿಸಬೇಕಾಯಿತು. ಚಿತ್ರಕತೆ ಮುಗಿಯಿತು, ಆಸ್ಕರ್ ನಾಮನಿರ್ದೇಶನವೂ ದಕ್ಕಿತು, ನಿಜ. ಆದರೆ ಎರಡನೇ ಕಾಫಿಗೇ ಬಿಲ್ಲು ತಿರುಗಿಸಿ ನೋಡುವ ನಿರ್ಮಾಪಕರ ನಡುವೆ ಈ ಪದ್ಧತಿ ನಡೆಯುವುದಿಲ್ಲ. ಅದೇ ಚಾಂಡ್ಲರ್ ಮುಂದೊಂದು ಪತ್ರದಲ್ಲಿ ಕೊಟ್ಟ ಸಲಹೆ ಅಗ್ಗವಾದದ್ದು: ದಿನಕ್ಕೆ ಕನಿಷ್ಠ ನಾಲ್ಕು ಗಂಟೆ ಮೀಸಲಿಡಿ, ಬರೆಯಲೇಬೇಕೆಂದಿಲ್ಲ, ಕಿಟಕಿಯಾಚೆ ನೋಡುತ್ತಿದ್ದರೂ ಸರಿ, ಬೇರೆ ಕೆಲಸ ಮಾತ್ರ ಮಾಡಕೂಡದು. ಬೇಜಾರು ತಡೆಯಲಾರದೆಯಾದರೂ ಮನುಷ್ಯ ಬರೆದಾನು. ಆಗ ಮೊಬೈಲ್ ಇರಲಿಲ್ಲ. ಈಗ ಅದನ್ನು ಪಕ್ಕದ ಕೋಣೆಯಲ್ಲಿಡುವುದೇ ಆ ವ್ರತದ ಮೊದಲ ನೇಮ.

ದಿನಾ ಬರೆದರೆ ಕಸವೂ ಬರುತ್ತದಲ್ಲ ಎಂದರೆ, ಬರುತ್ತದೆ, ಬರಲಿ. ಬಿಲ್ಲಿ ವೈಲ್ಡರ್ ಮತ್ತು ಐ.ಎ.ಎಲ್. ಡೈಮಂಡ್ ‘ಸಮ್ ಲೈಕ್ ಇಟ್ ಹಾಟ್’ (1959) ಚಿತ್ರದ ಕೊನೆಯ ಮಾತನ್ನು, ಇನ್ನೂ ಚೆನ್ನಾಗಿರುವುದು ಹೊಳೆಯುವವರೆಗೆ ಇರಲಿ ಎಂದು ತಾತ್ಕಾಲಿಕವಾಗಿ ಹಾಕಿಟ್ಟಿದ್ದರು. ಅದಕ್ಕಿಂತ ಚೆನ್ನಾಗಿರುವುದು ಹೊಳೆಯಲೇ ಇಲ್ಲ. ಆ ಮಾತು ಸಿನಿಮಾ ಚರಿತ್ರೆಯ ಅತ್ಯಂತ ಹೆಸರಾದ ಮುಕ್ತಾಯಗಳಲ್ಲಿ ಒಂದಾಯಿತು. ಯಾವುದು ಕಸ, ಯಾವುದು ರಸ ಎಂಬ ತೀರ್ಮಾನ ಬರೆದ ದಿನವೇ ಆಗುವುದಿಲ್ಲ. ಕೊನೆಯ ಆಕ್ಷೇಪ ಅನುಭವಸ್ಥರದು: ಹೇಗೂ ನಿರ್ದೇಶಕರು ಬದಲಿಸುತ್ತಾರೆ, ಹೀರೋ ಬದಲಿಸುತ್ತಾರೆ, ಉಳಿದದ್ದನ್ನು ಸೆನ್ಸಾರಿನವರು ನೋಡಿಕೊಳ್ಳುತ್ತಾರೆ, ಇಷ್ಟು ಶಿಸ್ತು ಯಾಕೆ? ಬದಲಿಸುವುದಕ್ಕಾದರೂ ಅವರ ಕೈಗೆ ಏನಾದರೂ ಕೊಡಬೇಕಲ್ಲ! ಖಾಲಿ ಹಾಳೆ ಕೊಟ್ಟರೆ ಅವರೇ ತುಂಬಿಸಿಯಾರು. ಆಮೇಲೆ ಟೈಟಲ್ ಕಾರ್ಡಿನಲ್ಲಿ ಹೆಸರೂ ಅವರದೇ ಬಂದೀತು.