ಸ್ಟಾಪ್ ಎಳೆದವರು, ತಿದಿ ತುಳಿದವರು

ಪೇಪರ್ ಓದಿ ಆಯ್ತಾ ಮೇಷ್ಟ್ರೆ? ಇಂಗ್ಲಿಷ್ ಪೇಪರಿನ ಕ್ರಿಕೆಟ್ ಪುಟದಲ್ಲೂ ಚುನಾವಣೆ ಪುಟದಲ್ಲೂ ಒಂದು ಮಾತು ಮೇಲಿಂದ ಮೇಲೆ ಬರುತ್ತೆ, ‘ಪುಲ್ ಔಟ್ ಆಲ್ ದ ಸ್ಟಾಪ್ಸ್’ ಅಂತ. ಇರೋ ಶಕ್ತಿಯನ್ನೆಲ್ಲ ಒಟ್ಟು ಮಾಡಿ, ಏನನ್ನೂ ಹಿಂದೆ ಉಳಿಸಿಕೊಳ್ಳದೆ ಕೆಲಸಕ್ಕೆ ಬೀಳೋದು ಅಂತ ಅದರ ಅರ್ಥ. ‘ಸ್ಟಾಪ್ ಅಂದ್ರೆ ನಿಲ್ಲಿಸೋದು, ಅದನ್ನ ಎಳೆದ್ರೆ ಜೋರು ಹೇಗಾಗುತ್ತೆ?’ ಅಂತ ನೀವು ಕೇಳಿದ್ರಲ್ಲ, ಸರಿಯಾದ ಪ್ರಶ್ನೆ. ಅದಕ್ಕೆ ಉತ್ತರ ಇರೋದು ಚರ್ಚುಗಳ ಪೈಪ್ ಆರ್ಗನ್ನಿನ ಹೊಟ್ಟೆಯಲ್ಲಿ.

ಆರ್ಗನ್ನಿನಲ್ಲಿ ಒಂದು ಕೊಳವೆಗೆ ಒಂದೇ ಸ್ವರ. ಕೊಳಲಿನಂಥ ನಾದದ ಕೊಳವೆಗಳದು ಒಂದು ಸಾಲು, ಕಹಳೆಯಂಥ ನಾದದವುಗಳದು ಇನ್ನೊಂದು ಸಾಲು, ಹೀಗೆ. ಪ್ರತಿ ಸಾಲಿನ ಬುಡದಲ್ಲೂ ತೂತು ಕೊರೆದ ಒಂದು ಮರದ ಪಟ್ಟಿ. ಪಟ್ಟಿ ಸರಿದು ತೂತಿಗೆ ತೂತು ಕೂಡಿದರೆ ಗಾಳಿಗೆ ದಾರಿ ಸಿಕ್ಕಿತು. ತಪ್ಪಿದರೆ ಆ ಸಾಲು ಪೂರ್ತಿ ಮೂಕ. ಆ ಪಟ್ಟಿಯನ್ನು ಸರಿಸೋ ಹಿಡಿಯೇ ಸ್ಟಾಪ್. ಒಳಕ್ಕೆ ದೂಡಿದರೆ ಗಾಳಿಗೆ ತಡೆ, ಹೊರಕ್ಕೆ ಎಳೆದರೆ ತಡೆ ತೆರವು. ಎಲ್ಲ ಸ್ಟಾಪುಗಳನ್ನೂ ಎಳೆಯುವವನು ಹೊಸದಾಗಿ ಏನನ್ನೂ ಸೇರಿಸೋದಿಲ್ಲ ಮೇಷ್ಟ್ರೆ, ಇದ್ದ ಅಡ್ಡಿಗಳನ್ನ ತೆಗೀತಾನೆ. ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ 1871ರಲ್ಲಿ ಕೂರಿಸಿದ ಆರ್ಗನ್ನಿಗೆ ಈಗ 9,999 ಕೊಳವೆ, 147 ಸ್ಟಾಪು. ಅಷ್ಟೂ ಒಟ್ಟಿಗೆ ತೆರೆದುಕೊಂಡರೆ ಹೇಗಿರಬೇಡ!

ಮಧ್ಯಯುಗದ ಹಳೇ ಆರ್ಗನ್ನುಗಳಲ್ಲಿ ಈ ಹಿಡಿಗಳೇ ಇರಲಿಲ್ಲ. ಒಂದು ಕೀ ಒತ್ತಿದರೆ ಅದಕ್ಕೆ ಸೇರಿದ ಕೊಳವೆಗಳೆಲ್ಲ ಒಟ್ಟಿಗೆ ಕೂಗೋವು. ಶುರುವಿನಿಂದ ಕೊನೆತನಕ ಒಂದೇ ಅಬ್ಬರ. 15ನೆಯ ಶತಮಾನದ ಹೊತ್ತಿಗೆ ಸಾಲುಗಳನ್ನು ಬೇರೆ ಬೇರೆಯಾಗಿ ತಡೆಯೋ ವಿದ್ಯೆ ಹರಡಿತು. ಆರ್ಗನ್ನಿಗೆ ಮೆಲುದನಿ ಬಂದದ್ದು ಆಮೇಲೆ. ಯಾವಾಗಲೂ ಪೂರ್ತಿ ದನಿಯಲ್ಲಿರೋ ವಾದ್ಯದಲ್ಲಿ ಪೂರ್ತಿ ದನಿಗೆ ಬೆಲೆ ಎಲ್ಲಿಂದ ಬರಬೇಕು ಹೇಳಿ.

ನನ್ನ ಮನಸ್ಸು ನಿಲ್ಲೋದು ಮಾತ್ರ ಸ್ಟಾಪುಗಳ ಹತ್ತಿರ ಅಲ್ಲ, ಗಾಳಿಯ ಹತ್ತಿರ. ಗಾಳಿ ಊದೋ ಯಂತ್ರಗಳು ಬರೋ ತನಕ ಆ ಗಾಳಿಯನ್ನೆಲ್ಲ ಮನುಷ್ಯರೇ ತುಂಬಬೇಕಿತ್ತು. ಇಂಗ್ಲೆಂಡಿನ ವಿಂಚೆಸ್ಟರಿನಲ್ಲಿ 10ನೆಯ ಶತಮಾನದಲ್ಲಿ ಒಂದು ದೊಡ್ಡ ಆರ್ಗನ್ ಇತ್ತು. ಅಲ್ಲಿನ ವುಲ್ಫ್‌ಸ್ಟನ್ ಅನ್ನೋ ಸನ್ಯಾಸಿ ಅದನ್ನು ಪದ್ಯದಲ್ಲಿ ವರ್ಣಿಸಿದ್ದಾನೆ. 400 ಕೊಳವೆ, 26 ತಿದಿ, ಅವನ್ನು ಒತ್ತೋಕೆ 70 ಜನ ಗಂಡಾಳು ಅಂತೆ. ಕವಿಯ ಲೆಕ್ಕ, ಸ್ವಲ್ಪ ಹೆಚ್ಚಾಗಿಯೇ ಇರಬಹುದು. ಆದರೂ ಬೆವರು ಸುರಿಸಿದವರನ್ನು ಅವನು ಮರೆಯಲಿಲ್ಲ ಅನ್ನೋದು ನನಗೆ ದೊಡ್ಡದು. ಜರ್ಮನಿಯ ಹಳೇ ಆರ್ಗನ್ನುಗಳಲ್ಲಿ ತಿದಿ ತುಳಿಯುವವನಿಗೆ ‘ಕಾಲ್ಕಾಂಟ್’ ಅಂತ ಹೆಸರು. ಅವನಿರೋದು ಹಿಂದೆ, ಯಾರ ಕಣ್ಣಿಗೂ ಬೀಳದ ಕಡೆ. ಸ್ಟಾಪುಗಳ ಸಾಲಿನಲ್ಲೇ ಅವನ ಹೆಸರಿನದೂ ಒಂದು ಹಿಡಿ ಇರೋದು. ಅದನ್ನೆಳೆದರೆ ಕೊಳವೆ ನುಡಿಯೋದಿಲ್ಲ, ಹಿಂದುಗಡೆ ಗಂಟೆ ಬಾರಿಸುತ್ತೆ. ‘ತುಳಿಯಪ್ಪಾ, ಶುರು ಮಾಡ್ತೀನಿ’ ಅಂತ ನುಡಿಸುವವನ ಸಂಜ್ಞೆ ಅದು. ಮೊದಲು ಎಳೆಯಬೇಕಾದ ಹಿಡಿ ಅದೇ ಅಲ್ವೆ?

ಎಲ್ಲಕ್ಕಿಂತ ಮೊದಲು ಗಾಳಿ ಅನ್ನೋದು ಜರ್ಮನಿಯ ಸಂಗೀತಗಾರ ಸೆಬಾಸ್ಟಿಯನ್ ಬಾಖ್‌ಗೆ ಚೆನ್ನಾಗಿ ಗೊತ್ತಿತ್ತು. ಸಂಗೀತಗಾರನಾಗಿ ಎಷ್ಟು ದೊಡ್ಡವನೋ ಆರ್ಗನ್ ಪರೀಕ್ಷೆ ಮಾಡೋದರಲ್ಲೂ ಅಷ್ಟೇ ಗಟ್ಟಿಗ. 1703ರಲ್ಲಿ, ಇನ್ನೂ 18 ವರ್ಷದವನಿದ್ದಾಗಲೇ, ಆರ್ನ್‌ಸ್ಟಾಟ್ ಊರಿನವರು ತಮ್ಮ ಹೊಸ ಆರ್ಗನ್ ಪರೀಕ್ಷಿಸೋಕೆ ಅವನನ್ನು ಕರೆಸಿಕೊಂಡಿದ್ದರು. ಅವನ ಮಗ ಇಮಾನ್ಯುಯೆಲ್ ಅಪ್ಪನ ಪದ್ಧತಿಯನ್ನು ನೆನೆದು ಬರೆದಿದ್ದಾನೆ. ಬಾಖ್ ಹೊಸ ಆರ್ಗನ್ ಮುಂದೆ ಕೂತರೆ ಮೊದಲು ಮಾಡ್ತಿದ್ದದ್ದು ಸ್ವರ ಕೊಡೋ ಸ್ಟಾಪುಗಳನ್ನೆಲ್ಲ ಎಳೆದು, ಆದಷ್ಟೂ ತುಂಬು ನಾದದಲ್ಲಿ ನುಡಿಸೋದು. ಇದಕ್ಕೆ ಒಳ್ಳೇ ಶ್ವಾಸಕೋಶ ಇದೆಯೋ ಇಲ್ಲವೋ ಮೊದಲು ತಿಳೀಬೇಕು ಅಂತಿದ್ದನಂತೆ. ಕಟ್ಟಿದವರ ಮುಖ ಆಗ ಬಿಳುಚಿಕೊಳ್ಳೋದು. ಯಾಕೆ ಅಂದ್ರೆ ತಿದಿಯಲ್ಲಿ ದಮ್ಮಿಲ್ಲದಿದ್ದರೆ ಎಲ್ಲ ಸಾಲೂ ಒಟ್ಟಿಗೆ ತೆರೆದಾಗ ಗಾಳಿ ಸಾಲದೆ ಸ್ವರ ಕುಗ್ಗಿ ನಡುಗೋಕೆ ಹತ್ತುತ್ತೆ. ಒಂದೆರಡು ಸ್ಟಾಪಿನಲ್ಲಿ ಅದು ಗೊತ್ತೇ ಆಗೋದಿಲ್ಲ.

ವಾದ್ಯ ಬಿಟ್ಟು ಮನುಷ್ಯನ ವಿಷಯಕ್ಕೆ ಈ ಸ್ಟಾಪ್ ಎಳೆಯೋ ಮಾತನ್ನು ತಂದವರಲ್ಲಿ ಇಂಗ್ಲಿಷ್ ಕವಿ, ವಿಮರ್ಶಕ ಮ್ಯಾಥ್ಯೂ ಆರ್ನಾಲ್ಡ್ ಮುಖ್ಯ. 1865ರ ‘ಎಸ್ಸೇಸ್ ಇನ್ ಕ್ರಿಟಿಸಿಸಂ’ ಮುನ್ನುಡಿಯಲ್ಲಿ ತನ್ನ ಕಾಲದ ಇಂಗ್ಲಿಷರನ್ನು ಆತ ಆರ್ಗನ್ನಿಗೆ ಹೋಲಿಸಿದ. ಬಲವಾದ ಆರ್ಗನ್ನೇ, ಆದರೆ ನಾದದ ಹರವು ಸಾಲದು, ಇನ್ನೂ ಕೆಲವು ಸ್ಟಾಪು ಎಳೆಯೋಣ ಅಂದರೆ ಜನಕ್ಕೆ ಹಿಡಿಸೋದಿಲ್ಲ ಅಂತ. ಅವನು ಕೇಳಿದ್ದು ಜೋರು ದನಿಯನ್ನಲ್ಲ, ಬಗೆಬಗೆಯ ದನಿಯನ್ನ. ಕೇಳಿದ್ದೂ ಕೆಲವನ್ನ, ಎಲ್ಲವನ್ನಲ್ಲ. ಆಮೇಲೆ ಬಳಸಿ ಬಳಸಿ ಆ ಮಾತಿನಲ್ಲಿ ಜೋರು ಮಾತ್ರ ಉಳಿಯಿತು. ನನಗೆ ಇದು ನಷ್ಟ ಅಂತಲೇ ಅನ್ನಿಸುತ್ತೆ. ಈಗ ಆಫೀಸಿನಲ್ಲಿ ಮೇಲಿನವರು ಕೆಳಗಿನವರಿಗೆ ಇದನ್ನೇ ಹೇಳ್ತಾರೆ, ಪರೀಕ್ಷೆ ಹತ್ತಿರ ಬಂದರೆ ನಾವು ಮಕ್ಕಳಿಗೆ ಹೇಳ್ತೀವಿ. ನಿದ್ದೆ ಆಗಿದೆಯಾ, ಹೊತ್ತಿಗೆ ಊಟ ಸಿಕ್ಕಿದೆಯಾ, ಜೊತೆಗೆ ಯಾರಾದರೂ ಇದ್ದಾರಾ ಅಂತ ವಿಚಾರಿಸೋರು ಕಡಿಮೆ.

ನಮಗೂ ಈ ಸ್ಟಾಪು ದೂರದ್ದೇನಲ್ಲ. 1840ರ ಸುಮಾರಿಗೆ ಪ್ಯಾರಿಸ್ಸಿನಲ್ಲಿ ಅಲೆಕ್ಸಾಂಡ್ರ್ ದೆಬ್ಯಾಂ ಕೊಳವೆಯ ಬದಲು ಲೋಹದ ನಾಲಿಗೆಗಳಿಟ್ಟು ಹಾರ್ಮೋನಿಯಂ ಮಾಡಿದ. 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಕಲ್ಕತ್ತೆಯ ದ್ವಾರಕಾನಾಥ ಘೋಷ್ ಅದನ್ನು ನೆಲದ ಮೇಲೆ ಕೂತು ನುಡಿಸೋ ಕೈಪೆಟ್ಟಿಗೆಯಾಗಿ ಮಾರ್ಪಡಿಸಿದರು. ನಮ್ಮ ಕಂಪನಿ ನಾಟಕದ ಹಾರ್ಮೋನಿಯಂ ಮೇಷ್ಟ್ರದು ಇನ್ನೊಂದು ಬಗೆ, ಕಾಲಲ್ಲಿ ತುಳಿದು ಎರಡೂ ಕೈಲಿ ನುಡಿಸೋದು. ಮೈಕಿಲ್ಲದ ಕಾಲದಲ್ಲಿ ಕೊನೇ ಸಾಲಿನವರಿಗೂ ಕೇಳಿಸಬೇಕು. ಸ್ಟಾಪರ್, ಅಂದ್ರೆ ಹಾರ್ಮೋನಿಯಂನ ಸ್ಟಾಪು, ಎಳೆಯೋರೂ ಅವರೇ, ತಿದಿ ತುಳಿಯೋರೂ ಅವರೇ. ರಾತ್ರಿ ಪೂರ್ತಿ ತುಳಿದ ಆ ಕಾಲುಗಳ ಬಗ್ಗೆ ಬರೆದವರು ತೀರ ಕಡಿಮೆ.

ನಿಮ್ಮ ಮನೇಲಿ ಸ್ಟಾಪರ್ ಇರೋ ಹಳೇ ಹಾರ್ಮೋನಿಯಂ ಇದ್ದರೆ ಮೊಮ್ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು ನೋಡಿ. ಮೊದಲು ಎಲ್ಲ ಸ್ಟಾಪರನ್ನೂ ಒಳಕ್ಕೆ ತಳ್ಳಿ ಒಂದು ಕೀ ಒತ್ತಿ, ಆಮೇಲೆ ಒಂದೊಂದಾಗಿ ಎಳೀರಿ. ಶ್ರುತಿಯ ಸ್ಟಾಪರುಗಳೂ ಸೇರಿ ಎಲ್ಲ ತೆರೆದಾಗ ತಿದಿ ಎಷ್ಟು ಬೇಗ ಬರಿದಾಗುತ್ತೆ, ಕೈ ಎಷ್ಟು ಬೇಗ ಸೋಲುತ್ತೆ ಅನ್ನೋದನ್ನ ಅವಳೇ ಒತ್ತಿ ನೋಡಲಿ.