ಮೈನಸ್ ನಲವತ್ತರ ಬೆಳಗಾವಿ

ಟಿಳಕವಾಡಿಯ ಎಂಜಿನಿಯರಿಂಗ್ ಹುಡುಗನಿಗೆ ಕಾಕಾನ 2014ರ ಕಾರಿನ ಮೀಟರುಗಳು ಸಾಕಾಗಿದ್ದವು. ಡ್ಯಾಶ್‌ಬೋರ್ಡಿನ ಮೇಲೊಂದು ಏಳಿಂಚಿನ ಸ್ಕ್ರೀನು, ಅದರ ಬೆನ್ನಿಗೊಂದು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರು. ಎಂಜಿನ್ನಿನ ಗುಟ್ಟೆಲ್ಲ ಬಣ್ಣದಲ್ಲಿ ಬಯಲಾಗುತ್ತದೆ ಎಂದ. ಕಾಕಾ ಕೇಳಿದ್ದು ಒಂದೇ ಮಾತು: "ಗಾಡಿ ಚಾಲೂ ಅರ ಆಕ್ಕೈತಿಲ್ಲೋ ತಮ್ಮಾ?"

ಗುಟ್ಟು ಸಿಗುವ ಜಾಗ ದೂರವೇನಲ್ಲ. ಸ್ಟೇರಿಂಗಿನ ಕೆಳಗೆ, ಮೊಣಕಾಲು ತಾಗುವಲ್ಲಿ 16 ಪಿನ್ನುಗಳ ಒಬಿಡಿ, ಅಂದರೆ ಕಾರಿನ ಸ್ವಯಂ ತಪಾಸಣೆಯ, ಸಾಕೆಟ್ಟಿರುತ್ತದೆ. ಅಮೆರಿಕದಲ್ಲಿ 1996ರ ಮಾಡೆಲ್‌ಗಳಿಂದ ಇದು ಕಡ್ಡಾಯವಾಯಿತು. ಭಾರತದಲ್ಲಿ ಒಬಿಡಿ-2ರ ನಿಯಮ ಬಂದದ್ದು 2013ರಲ್ಲಿ. ಹೊಗೆಯ ಮೇಲೆ ಕಣ್ಣಿಡಲೆಂದು ಸರಕಾರಗಳು ಇಡಿಸಿದ ಕಿಂಡಿಯಲ್ಲಿ ಈಗ ಹವ್ಯಾಸಿಗಳೂ ಇಣುಕುತ್ತಾರೆ. 6 ಮತ್ತು 14ನೇ ಪಿನ್ನುಗಳಲ್ಲಿರುವುದು ಕ್ಯಾನ್ ಬಸ್ಸಿನ ಎರಡು ತಂತಿ. ಬಾಷ್ ಕಂಪನಿ 1986ರಲ್ಲಿ ಜಗತ್ತಿಗೆ ತೋರಿಸಿದ ಏರ್ಪಾಟು ಅದು. ಭಾಗಕ್ಕೊಂದರಂತೆ ತಂತಿ ಎಳೆಯುವ ಗೋಳು ತಪ್ಪಿ, ಕಾರಿನ ಕಂಪ್ಯೂಟರುಗಳು ಒಂದೇ ಜೋಡಿ ತಂತಿಯ ಮೇಲೆ ಮಾತಾಡಿಕೊಳ್ಳತೊಡಗಿದವು.

ಕೇಳುವ ರೀತಿ ಮಾತ್ರ ಥೇಟ್ ತಹಶೀಲ್ದಾರ ಕಚೇರಿಯದ್ದು: ನಮೂನೆ ಸರಿಯಿದ್ದರಷ್ಟೇ ಉತ್ತರ. ಎಂಜಿನ್ನಿನ ಸುತ್ತು ಎಷ್ಟೆಂದು ತಿಳಿಯಲು 7ಡಿಎಫ್ ಎಂಬ ವಿಳಾಸಕ್ಕೆ '01 0ಸಿ' ಎಂದು ಅರ್ಜಿ ಹಾಕಿದರೆ ಅದು ಎಲ್ಲ ಟೇಬಲ್ಲುಗಳಿಗೂ ಮುಟ್ಟುತ್ತದೆ. ಎಂಜಿನ್ನಿನ ಕಂಪ್ಯೂಟರ್ 7ಇ8ರಿಂದ ಉತ್ತರ ಕೊಡುತ್ತದೆ. ಅದೂ ಸೆಕೆಂಡಿನ ಚೂರಿನಲ್ಲಿ, "ನಾಳೆ ಬರ್ರಿ" ಅನ್ನದೆ. ಹೋಲಿಕೆ ಅಲ್ಲಿಗೆ ಮುಗಿಯಿತು.

ಉತ್ತರದಲ್ಲಿ 12, 128 ಎಂಬ ಎರಡು ಅಂಕಿ ಬಂದವೆನ್ನಿ. 12ನ್ನು 256ರಿಂದ ಗುಣಿಸಿ, 128 ಕೂಡಿಸಿ, 4ರಿಂದ ಭಾಗಿಸಬೇಕು. 800 ಬರುತ್ತದೆ, ಅಂದರೆ ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುತ್ತಿದೆ.

"ಗಾಡಿ ನಿಂತಲ್ಲೇ ಗುರ್ ಅನ್ನಾಕತ್ತೈತಿ ಅಂತ ಹೇಳಾಕ ಇಷ್ಟ ಲೆಕ್ಕಾನ?" ಎಂದರು ಕಾಕಾ.

ತಾಪಮಾನದ್ದು ಇನ್ನೂ ಮಜಾ. ಒಂದು ಬೈಟಿನಲ್ಲಿ ಹಿಡಿಸುವುದು 0ಯಿಂದ 255ರ ವರೆಗಿನ ಅಂಕಿ. ಹಿಮ ಬೀಳುವ ದೇಶಗಳ ಮೈನಸ್ಸಿಗೂ ಅದರಲ್ಲೇ ಜಾಗ ಮಾಡಬೇಕಾದ್ದರಿಂದ, ಬಂದ ಅಂಕಿಯಲ್ಲಿ 40 ಕಳೆಯಬೇಕೆಂದು ನಿಯಮ. ಹುಡುಗನ ಪ್ರೋಗ್ರಾಮು ಉತ್ತರಕ್ಕೂ ಕಾಯದೆ ಸೊನ್ನೆಯಲ್ಲೇ 40 ಕಳೆಯಿತು. ಮೂರನೇ ರೈಲ್ವೆ ಗೇಟಿನ ಹತ್ತಿರ, ರಣ ಬಿಸಿಲಲ್ಲಿ, ಎಂಜಿನ್ನಿನ ನೀರು ಮೈನಸ್ 40 ಡಿಗ್ರಿ ಎಂದು ಸ್ಕ್ರೀನು ಸಾರಿತು. ಬೆಳಗಾವಿ ತಂಪಿಗೆ ಹೆಸರಾದ ಊರು ಹೌದು, ಆದರೂ ಅಷ್ಟಲ್ಲ.

ಪೀರನವಾಡಿ, ಮಚ್ಛೆ ದಾಟಿ ಖಾನಾಪುರದ ರಸ್ತೆ ಖಾಲಿಯಾದಾಗ ಹೊಸ ತಕರಾರು. ಕಾರಿನ ವೇಗದ ಮುಳ್ಳು 80ರಲ್ಲಿ, ಸ್ಕ್ರೀನು 76ರಲ್ಲಿ. ತಪ್ಪು ಯಾರದ್ದೂ ಅಲ್ಲ. ಮೀಟರು ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಕೂಡದು, ತುಸು ಹೆಚ್ಚು ತೋರಿಸಿದರೆ ಅಡ್ಡಿಯಿಲ್ಲ ಎನ್ನುತ್ತದೆ ವಿಶ್ವಸಂಸ್ಥೆಯ 39ನೇ ವಾಹನ ನಿಯಮ; ಕಂಪನಿಗಳು ಆ ಕಡೆಗೇ ವಾಲುತ್ತವೆ. ಕಾಕಾನ ತೀರ್ಪೇ ಬೇರೆ: "ನಿನ್ನ ಮಷೀನ್ ಹಚ್ಚಿದ ಮ್ಯಾಲ ಗಾಡಿ ಸ್ಲೋ ಆಗೈತಿ ನೋಡ."

ಖಾನಾಪುರ ಸಮೀಪಿಸಿದಾಗ ಕಾಕಾ ತಮಗೆ ಬೇಕಾದ ಒಂದೇ ಒಂದು ಮಾಹಿತಿ ಕೇಳಿದರು. ಪೆಟ್ರೋಲ್ ಎಷ್ಟೈತಿ? ಅದಕ್ಕೂ '2ಎಫ್' ಎಂಬ ನಮೂನೆಯಿದೆ, ಆದರೆ ಉತ್ತರಿಸಲೇಬೇಕೆಂಬ ಹಂಗು ಎಲ್ಲ ಕಾರುಗಳಿಗಿಲ್ಲ. ಎಷ್ಟೋ ಕಾರುಗಳಲ್ಲಿ ಟ್ಯಾಂಕಿನ ಸಮಾಚಾರ ಕಂಪನಿಯ ಸ್ವಂತ ಸಂಕೇತದಲ್ಲಿ ಓಡಾಡುತ್ತದೆ, ಹೊರಗಿನವರಿಗೆ ಅದರ ಕೀಲಿ ಸುಲಭಕ್ಕೆ ಸಿಗುವುದಿಲ್ಲ. ಹುಡುಗ ಕೇಳಿದ, ಮತ್ತೆ ಕೇಳಿದ. ಸ್ಕ್ರೀನಿನ ಮೇಲೆ ಎರಡು ಗೀಟು ಮಿನುಗಿದವಷ್ಟೇ.

ಕಾಕಾ ಹಳೇ ಮುಳ್ಳಿನ ಕಡೆ ಒಮ್ಮೆ ಕಣ್ಣು ಹಾಯಿಸಿ, ಸಿಕ್ಕ ಮೊದಲ ಪಂಪಿನೊಳಗೆ ಗಾಡಿ ತಿರುಗಿಸಿದರು. "ಐನೂರದ್ದ ಹಾಕ್ರಿ."